ನಾಯಕ ಬೇಡ ಅಂದ್ರೆ ಪಕ್ಷವೇ ಬೇಡ ಅಂದಂಗಾ? ಶಾಸಕಾಂಗ ಪಕ್ಷದ ಒಳಜಗಳದ ಲೆಕ್ಕ

ಶಿರಸಿ ಪೇಟೆ

ಟಿವಿ ಹಾಕಿದ್ರೆ ನಾಲ್ಕೇ ಮಾತು. ‘ಸಹಿ ಸಂಗ್ರಹ’, ‘ಶಾಸಕಾಂಗ ಪಕ್ಷದ ಸಭೆ’, ‘ವೀಕ್ಷಕರು ಬಂದಿಳಿದರು’, ‘ಹೈಕಮಾಂಡ್ ಅಂಗಳಕ್ಕೆ ಚೆಂಡು’. ಒಂದೇ ಪಕ್ಷದ ಇಬ್ಬರು ನಾಯಕರು ಕುರ್ಚಿಗೆ ಕಾದಾಡುವಾಗ ನಿಯಮ ಅಂತ ಎಂತಾದ್ರೂ ಇರ್ತದಾ, ಅಥವಾ ಎಲ್ಲ ಬಾಯಿಮಾತಿನ ವ್ಯವಹಾರವಾ?

ನನಗೆ ಬಗೆಹರಿಯದ್ದು ಮೂರು. ಒಂದು, ಶಾಸಕಾಂಗ ಪಕ್ಷದಲ್ಲಿ ಹೆಚ್ಚು ಜನ ‘ಈ ನಾಯಕ ಬೇಡ’ ಅಂದ್ರೆ ಅವರು ಇಳೀಲೇಬೇಕಾ? ಎರಡು, ಹಂಗೆ ಅಂದವರ ಮೇಲೆ ಪಕ್ಷಾಂತರ ಕಾಯ್ದೆ ಬೀಳ್ತದಾ? ಮೂರು, ನಮ್ಮ ಉತ್ತರ ಕನ್ನಡ ಜಿಲ್ಲೆಯ ಆರು ಸೀಟಿನವರು ಇಂಥ ಜಗಳದಲ್ಲಿ ಲೆಕ್ಕಕ್ಕೆ ಬರ್ತಾರಾ?

ಯಾರು ಸರಿ ಯಾರು ತಪ್ಪು ಅನ್ನೋದು ಬೇಡ. ಚಕ್ರ ಹೆಂಗೆ ತಿರುಗ್ತದೆ ಅಷ್ಟೇ ಬೇಕು.

ತದಡಿ

ಮೂರನೇದಕ್ಕೆ ಉತ್ತರ: ಇಲ್ಲ. ಉಳಿದದ್ದು ಬಲ್ಲವರು ಹೇಳ್ಲಿ.

ಕೊಡಸಳ್ಳಿ

ಒಂದನೇದು. ಸಂವಿಧಾನದಲ್ಲಿ ‘ಶಾಸಕಾಂಗ ಪಕ್ಷದ ನಾಯಕ’ ಅನ್ನೋ ಹುದ್ದೇನೇ ಇಲ್ಲ. 164(1)ನೇ ವಿಧಿ ಹೇಳೂದು ಇಷ್ಟೇ: ಮುಖ್ಯಮಂತ್ರಿಯನ್ನ ರಾಜ್ಯಪಾಲರು ನೇಮಿಸ್ತಾರೆ, ಉಳಿದ ಮಂತ್ರಿಗಳನ್ನ ಮುಖ್ಯಮಂತ್ರಿಯ ಸಲಹೆ ಮೇಲೆ ನೇಮಿಸ್ತಾರೆ. 164(2) ಪ್ರಕಾರ ಮಂತ್ರಿಮಂಡಲ ವಿಧಾನಸಭೆಗೆ ಹೊಣೆ. ವಿಧಾನಸಭೆಗೆ, ಶಾಸಕಾಂಗ ಪಕ್ಷಕ್ಕೆ ಅಲ್ಲ. ‘ಶಾಸಕಾಂಗ ಪಕ್ಷ’ ಅನ್ನೋ ಶಬ್ದ ಬರೂದು 1985ರ 52ನೇ ತಿದ್ದುಪಡಿಯಲ್ಲಿ ಸೇರಿದ 10ನೇ ಅನುಸೂಚಿಯಲ್ಲಿ, ಅಂದ್ರೆ ಪಕ್ಷಾಂತರ ಕಾಯ್ದೆಯಲ್ಲಿ. ಅಲ್ಲೂ ಅರ್ಥ ಸರಳ: ಒಂದು ಸದನದಲ್ಲಿ ಒಂದು ಪಕ್ಷಕ್ಕೆ ಸೇರಿದ ಎಲ್ಲ ಸದಸ್ಯರ ಗುಂಪು.

ಹಾಗಾಗಿ 2023ರಲ್ಲಿ ಕಾಂಗ್ರೆಸ್ಸಿಂದ ಗೆದ್ದ 135 ಜನರಲ್ಲಿ 80 ಜನ ‘ಬೇಡ’ ಅಂದ್ರೂ ಕಾನೂನಿನ ಪ್ರಕಾರ ಮುಖ್ಯಮಂತ್ರಿ ಇಳೀಬೇಕಂತಿಲ್ಲ. ಸದನದಲ್ಲಿ ವಿಶ್ವಾಸಮತ ಸೋತ್ರೆ ಇಳೀಲೇಬೇಕು. ಇವೆರಡರ ನಡುವೆ ಇರೋ ಜಾಗದಲ್ಲೇ ಟಿವಿಯವರ ಬದುಕು ನಡೀತದೆ.

ಬೇಲೆಕೇರಿ ಗಾಳಿ

ಕಾನೂನಲ್ಲಿ ಇಲ್ಲ ಅಂದ್ರೆ ಇಲ್ಲ ಅಂತಾನಾ ಮಾರಾಯ್ರೆ? 80 ಜನ ಬೇಡ ಅಂದ ದಿನ ಸಂಜೆ ಫೈಲಿಗೆ ಸಹಿ ಹಾಕೋಕೂ ಅಧಿಕಾರಿಗಳು ಹಿಂದೆಮುಂದೆ ನೋಡ್ತಾರೆ. ಪುಸ್ತಕದ ಬದನೆಕಾಯಿ ಸಾಕು.

ಕೊಡಸಳ್ಳಿ

ಪುಸ್ತಕದ ಬದನೆಕಾಯಿನೇ ಕೊನೆಗೆ ಸಾರಿಗೆ ಬೀಳೂದು. ಎರಡನೇ ಪ್ರಶ್ನೆಗೆ ಬಂದಾಗ ಗೊತ್ತಾಗ್ತದೆ.

ಸದಾಶಿವಗಡ

ಎರಡನೇ ಪ್ರಶ್ನೆಗೆ ಉತ್ತರ ಹುಡುಕೋಕೆ ದೆಹಲಿ ತನಕ ಹೋಗೂದೇ ಬೇಡ. ಅದರ ಒಂದು ತುದಿ ನಮ್ಮ ಕಾರವಾರದಲ್ಲೇ ಇದೆ.

2010ರ ಅಕ್ಟೋಬರ್ 6. ಯಡಿಯೂರಪ್ಪನವರ ಸರ್ಕಾರಕ್ಕೆ ಬೆಂಬಲ ವಾಪಸ್ ಅಂತ ಬಿಜೆಪಿಯ 11 ಶಾಸಕರು, 5 ಪಕ್ಷೇತರರು ರಾಜ್ಯಪಾಲ ಎಚ್.ಆರ್. ಭಾರದ್ವಾಜ್ ಅವರಿಗೆ ಪತ್ರ ಕೊಟ್ರು. ಆ 11ರಲ್ಲಿ ಆಗಿನ ಕಾರವಾರ ಶಾಸಕ ಆನಂದ ಅಸ್ನೋಟಿಕರ್ ಒಬ್ಬರು. (2008ರ ಮೇನಲ್ಲಿ ಕಾಂಗ್ರೆಸ್‌ನಿಂದ ಗೆದ್ದು, ರಾಜೀನಾಮೆ ಕೊಟ್ಟು, ಅದೇ ವರ್ಷದ ಡಿಸೆಂಬರ್ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದವರು.)

ಪತ್ರದ ಒಕ್ಕಣೆ ನೋಡ್ಬೇಕು. ಅವರು ಬರೆದದ್ದು ‘ಈ ಮುಖ್ಯಮಂತ್ರಿಯ ನೇತೃತ್ವದ ಸರ್ಕಾರಕ್ಕೆ ನಮ್ಮ ಬೆಂಬಲ ಇಲ್ಲ’ ಅಂತ. ‘ಪಕ್ಷ ಬಿಟ್ಟೆವು’ ಅಂತ ಎಲ್ಲೂ ಬರೀಲಿಲ್ಲ. ಆಮೇಲೆ ಅವರ ವಾದವೂ ಅದೇ: ನಾವು ಬಿಜೆಪಿಯಲ್ಲೇ ಇದ್ದೇವೆ, ನಾಯಕ ಬದಲಾದ್ರೆ ಬೇರೆ ಬಿಜೆಪಿ ಸರ್ಕಾರಕ್ಕೆ ಬೆಂಬಲ ಕೊಡ್ತೇವೆ.

ಸ್ಪೀಕರ್ ಕೆ.ಜಿ. ಬೋಪಯ್ಯ ಅದನ್ನ ಒಪ್ಪಲಿಲ್ಲ. 10ನೇ ಅನುಸೂಚಿಯ 2(1)(ಎ) ಪ್ರಕಾರ ‘ಸ್ವಇಚ್ಛೆಯಿಂದ ಪಕ್ಷದ ಸದಸ್ಯತ್ವ ತ್ಯಜಿಸಿದ್ದಾರೆ’ ಅಂತ ಅನರ್ಹಗೊಳಿಸಿದ್ರು. ಅಕ್ಟೋಬರ್ 11ಕ್ಕೆ ವಿಶ್ವಾಸಮತ, ಅದಕ್ಕೆ ಮೊದಲೇ ಆದೇಶ. ಧ್ವನಿಮತದಲ್ಲಿ ಗೆದ್ದದ್ದು ಗಲಾಟೆಯಾಗಿ 14ಕ್ಕೆ ಮತ್ತೆ ಮತ ಹಾಕಿದ್ರು. 106–100. ಸರ್ಕಾರ ಉಳೀತು.

ಮಿರ್ಜಾನ್ ಕೋಟೆ

ಸರ್ಕಾರ ಉಳೀತು ಸರಿ, ಶಾಸಕರ ಕತೆ ಎಂತಾಯ್ತು? ಅದನ್ನೂ ಪೂರ್ತಿ ಹೇಳಿ.

ಸದಾಶಿವಗಡ

ಬರ್ತಾ ಇದ್ದೆ. 2011ರ ಮೇ 13ಕ್ಕೆ ಸುಪ್ರೀಂ ಕೋರ್ಟ್ ಅನರ್ಹತೆ ರದ್ದು ಮಾಡ್ತು. ಕಾರಣ ಎರಡು ಇದ್ದವು. ನೋಟಿಸ್ ಕೊಟ್ಟದ್ದು ಅಕ್ಟೋಬರ್ 7, ಉತ್ತರ ಕೊಡ್ಬೇಕಾದ್ದು 10ರ ಸಂಜೆ 5ರೊಳಗೆ. ಪಕ್ಷಾಂತರದ ಬಗ್ಗೆ ವಿಧಾನಸಭೆಯದ್ದೇ 1986ರ ನಿಯಮಾವಳಿ ಇದೆ, ಅದರಲ್ಲಿ ಉತ್ತರಕ್ಕೆ 7 ದಿನ. ಮೂರೇ ದಿನ ಯಾಕೆ, ಇಷ್ಟು ಅವಸರ ಯಾಕೆ ಅಂತ ಕೋರ್ಟ್ ಕೇಳ್ತು. ಎರಡನೇದು, ಮುಖ್ಯಮಂತ್ರಿ ಬೇಡ ಅಂತ ರಾಜ್ಯಪಾಲರಿಗೆ ಬರೆದ ಮಾತ್ರಕ್ಕೆ ಪಕ್ಷ ಬಿಟ್ಟಂಗೆ ಆಗೂದಿಲ್ಲ.

ಶಿರಸಿ ಪೇಟೆಯವರ ಪ್ರಶ್ನೆಗೆ ನೇರ ಉತ್ತರ ಅದೇ: ನಾಯಕ ಬೇಡ ಅನ್ನೋದು ತನ್ನಷ್ಟಕ್ಕೆ ಪಕ್ಷ ಬೇಡ ಅಂದಂಗಲ್ಲ. ಆದ್ರೆ ಆ ಉತ್ತರ ಸಿಗೋಕೆ ಏಳು ತಿಂಗಳು ಬೇಕಾಯ್ತು. ಅಷ್ಟರಲ್ಲಿ ವಿಶ್ವಾಸಮತ ಮುಗಿದು, ಬಜೆಟ್ಟೂ ಮುಗಿದಿತ್ತು.

ಬೇಲೆಕೇರಿ ಗಾಳಿ

ಅಂದ್ರೆ ಕೋರ್ಟಲ್ಲಿ ಗೆದ್ರು, ಗದ್ದೆಲಿ ಸೋತ್ರು. ಇದನ್ನೇ ನಾ ಹೇಳಿದ್ದು, ಕಾನೂನು ನಂತರ ಬರ್ತದೆ. ಸ್ಪೀಕರ್ ಯಾರ ಕಡೆ ಅನ್ನೋದು ಮೊದಲು.

ಹಳೇ ದಾಂಡೇಲಿ

11 ಜನ ಸಾಲ್ಲಿಲ್ಲ, ಅದಕ್ಕೇ ತೊಂದರೆ ಆಯ್ತು. ಮೂರನೇ ಒಂದು ಭಾಗ ಶಾಸಕರು ಒಟ್ಟಿಗೆ ಹೋಗಿದ್ರೆ ‘ಪಕ್ಷ ಇಬ್ಭಾಗ’ ಅಂತಾಗಿ ಯಾರೂ ಮುಟ್ತಿರಲಿಲ್ಲ.

ಕೊಡಸಳ್ಳಿ

ತಪ್ಪು. ಆ ಅವಕಾಶ 10ನೇ ಅನುಸೂಚಿಯ 3ನೇ ಪ್ಯಾರಾದಲ್ಲಿತ್ತು, 2003ರ 91ನೇ ತಿದ್ದುಪಡಿಯಲ್ಲಿ ತೆಗೆದು ಹಾಕಿದ್ರು. 2010ರಲ್ಲಿ ಮೂರನೇ ಒಂದು ಭಾಗ ಇದ್ರೂ ಪ್ರಯೋಜನ ಇರಲಿಲ್ಲ. ಈಗ ಉಳಿದದ್ದು 4ನೇ ಪ್ಯಾರಾದ ವಿಲೀನ ಮಾತ್ರ. ಅದಕ್ಕೆ ಶಾಸಕಾಂಗ ಪಕ್ಷದ ಮೂರನೇ ಎರಡು ಭಾಗ ಒಪ್ಪಬೇಕು, ಇನ್ನೊಂದು ಪಕ್ಷದ ಜೊತೆ ಸೇರ್ಬೇಕು. 135ಕ್ಕೆ 90. ಒಳಜಗಳದಲ್ಲಿ ಅಷ್ಟು ಜನ ಒಂದು ಕಡೆ ಇದ್ರೆ ಅವರು ಪಕ್ಷ ಬಿಡೂದ್ಯಾಕೆ, ಎದುರಿನವರನ್ನೇ ಹೊರಗೆ ಹಾಕ್ತಾರೆ.

ಈ ಒಂದು ತಿದ್ದುಪಡಿ ಒಳಜಗಳದ ರೂಪವನ್ನೇ ಬದಲಿಸ್ತು. ಮೊದಲು ಭಿನ್ನಮತೀಯರಿಗೆ ಸದನದೊಳಗೇ ಒಂದು ಬಾಗಿಲಿತ್ತು. ಅದು ಮುಚ್ಚಿದ ಮೇಲೆ ರಾಜೀನಾಮೆ ಕೊಟ್ಟು ಸದನದ ಒಟ್ಟು ಸಂಖ್ಯೆಯನ್ನೇ ಇಳಿಸೂದು ಶುರುವಾಯ್ತು. 2008ರಲ್ಲಿ ಬಿಡಿಬಿಡಿಯಾಗಿ, 2019ರಲ್ಲಿ ಒಟ್ಟಾಗಿ.

ಮಾಗೋಡು

2019ರದ್ದು ನಮ್ಮ ಯಲ್ಲಾಪುರದ ಕತೆ. ಮೈತ್ರಿ ಸರ್ಕಾರದ ಕಾಂಗ್ರೆಸ್, ಜೆಡಿಎಸ್ ಶಾಸಕರು ರಾಜೀನಾಮೆ ಬರೆದುಕೊಟ್ರು. ಜುಲೈ 23ಕ್ಕೆ ವಿಶ್ವಾಸಮತ ಬಿತ್ತು, 99–105. ರಾಜೀನಾಮೆ ಅಂಗೀಕಾರ ಆಗೂದು ಬಿಟ್ಟು ಸ್ಪೀಕರ್ ರಮೇಶ್ ಕುಮಾರ್ 17 ಜನರನ್ನ ಅನರ್ಹಗೊಳಿಸಿದ್ರು, ಶಿವರಾಮ ಹೆಬ್ಬಾರರೂ ಆ ಪಟ್ಟಿಯಲ್ಲಿದ್ರು. ನವೆಂಬರ್ 13ಕ್ಕೆ ಸುಪ್ರೀಂ ಕೋರ್ಟ್ ಅನರ್ಹತೆ ಎತ್ತಿಹಿಡೀತು, ಆದ್ರೆ ‘ಸದನದ ಅವಧಿ ಮುಗಿಯೋ ತನಕ ನಿಲ್ಲೋ ಹಾಗಿಲ್ಲ’ ಅನ್ನೋ ಭಾಗ ಹೊಡೆದು ಹಾಕ್ತು. ಡಿಸೆಂಬರ್ 5ಕ್ಕೆ ಮತದಾನ. ಹೆಬ್ಬಾರರು ಬಿಜೆಪಿಯಿಂದ ಗೆದ್ರು, 2020ರ ಫೆಬ್ರುವರಿಯಲ್ಲಿ ಮಂತ್ರಿಯೂ ಆದ್ರು.

ಇಲ್ಲಿ ಒಂದು ಸಣ್ಣ ಗಂಟು. 164(1ಬಿ) ಪ್ರಕಾರ ಅನರ್ಹರಾದವರು ಮತ್ತೆ ಗೆಲ್ಲೋ ತನಕ ಮಂತ್ರಿ ಆಗೋ ಹಾಗಿಲ್ಲ. ಅದಕ್ಕೇ 2019ರ ಜುಲೈನಿಂದ ಉಪಚುನಾವಣೆ ತನಕ ಆ ಕುರ್ಚಿಗಳು ಖಾಲಿ ಕೂತಿದ್ದು. ಸಂಪುಟ ವಿಸ್ತರಣೆ ತಡ ಆಯ್ತು ಅಂತ ಆಗ ಎಲ್ಲ ಬೊಬ್ಬೆ ಹೊಡೆದ್ರು, ಕಾರಣ ಮಾತ್ರ ಯಾರೂ ಬಿಡಿಸಿ ಹೇಳ್ಲಿಲ್ಲ.

ದೊಡ್ಮನೆ ದಾರಿ

ಇದೆಲ್ಲ ಈಚೆದು. ಸಿದ್ದಾಪುರದ ಹೆಸರೇ ಎತ್ತದೆ ಈ ಚರ್ಚೆ ಮುಗಸಿದ್ರೆ ಅಡ್ಡಿ ಇದ್ದು ನಂಗೆ!

1983ರಲ್ಲಿ ಜನತಾ ಪಕ್ಷ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಮಾಡಿದಾಗ ನಾಯಕತ್ವಕ್ಕೆ ಬೇರೆ ಹೆಸರುಗಳಿದ್ದವು. ಯಾರಿಗೂ ಪೂರ್ತಿ ಬಲ ಇಲ್ದೇ ಇದ್ದಾಗ ಎಲ್ಲರಿಗೂ ಒಪ್ಪಿಗೆಯಾಗಿ ಬಂದವರು ದೊಡ್ಮನೆ ರಾಮಕೃಷ್ಣ ಹೆಗಡೇರು. ಶಿರಸಿಯಿಂದ ಗೆದ್ದು ಬಂದು ಮುಖ್ಯಮಂತ್ರಿ ಆದ್ರು. 1985ರಲ್ಲಿ 139 ಸೀಟು. ಒಳಜಗಳ ನಿಭಾಯಿಸೂದು ಅಂದ್ರೆ ಹಾಂಗಿರವು.

ಮಿರ್ಜಾನ್ ಕೋಟೆ

ಭಾವಾ, ಪ್ರೀತಿ ಇರ್ಲಿ, ಲೆಕ್ಕ ತಪ್ಪೂದು ಬೇಡ. 1983ರ ಜನವರಿ 10ಕ್ಕೆ ಪ್ರಮಾಣ ಮಾಡಿದಾಗ ಹೆಗಡೆಯವರು ಶಾಸಕರೇ ಆಗಿರಲಿಲ್ಲ. ಆಮೇಲೆ ಉಪಚುನಾವಣೆಯಲ್ಲಿ ಗೆದ್ದದ್ದು ಕನಕಪುರದಿಂದ. 164(4) ಪ್ರಕಾರ ಶಾಸಕ ಅಲ್ಲದವರು ಮಂತ್ರಿ ಆಗಬಹುದು, 6 ತಿಂಗಳೊಳಗೆ ಯಾವುದಾದ್ರೂ ಸದನಕ್ಕೆ ಬರ್ಬೇಕು. 1985ರಲ್ಲಿ ನಿಂತದ್ದು ಬಸವನಗುಡಿ.

ಇದು ಒಳಜಗಳಕ್ಕೂ ಸಂಬಂಧಪಟ್ಟ ವಿಷಯವೇ. ಶಾಸಕಾಂಗ ಪಕ್ಷದೊಳಗೆ ಇಬ್ಬರು ಸಮಬಲರಾದ್ರೆ ಮೂರನೆಯವರನ್ನ ಹೊರಗಿಂದ ತರೋ ದಾರಿ ಈ 164(4). 2011ರಲ್ಲಿ ಡಿ.ವಿ. ಸದಾನಂದಗೌಡರು ಸಂಸದರಾಗಿದ್ದವರು, ಅವರೂ ಹೀಂಗೇ ಬಂದ್ರು. ಆಮೇಲೆ ವಿಧಾನ ಪರಿಷತ್ತಿಗೆ ಆಯ್ಕೆಯಾದ್ರು. 1962ರದ್ದು ಇನ್ನೂ ಚಂದ. ನಿಜಲಿಂಗಪ್ಪನವರು ಚುನಾವಣೆ ಸೋತಿದ್ರು, ಎಸ್.ಆರ್. ಕಂಠಿಯವರು ಮಾರ್ಚ್‌ನಿಂದ ಜೂನ್ ತನಕ ಮುಖ್ಯಮಂತ್ರಿಯಾಗಿದ್ದು, ನಿಜಲಿಂಗಪ್ಪ ಬಾಗಲಕೋಟೆಯಿಂದ ಗೆದ್ದು ಬಂದ ಮೇಲೆ ಕುರ್ಚಿ ಬಿಟ್ಟುಕೊಟ್ರು. ಅಂಥವರು ಆಮೇಲೆ ಹುಟ್ಟಲಿಲ್ಲ.

ದೊಡ್ಮನೆ ದಾರಿ

ಕನಕಪುರ ಖರೆ. ಮರ್ತೇ ಹೋಗಿತ್ತು. ಕ್ಷಮೆ ಇರಲಿ.

ತದಡಿ

ಕಂಠಿಯವರ ಹೆಸರಲ್ಲಿ ಒಂದು ಪುತ್ಥಳಿ ಶಾಸಕರ ಭವನದ ಬಾಗಿಲಲ್ಲೇ ಇಡ್ಬೇಕು.

ಶಿರಸಿ ಪೇಟೆ

ಸಹಿ ಸಂಗ್ರಹದ ಬಗ್ಗೆ ಯಾರೂ ಹೇಳ್ಲಿಲ್ಲ. ಆ ಕಾಗದಕ್ಕೆ ಕಿಮ್ಮತ್ತು ಎಷ್ಟು?

ಮಿರ್ಜಾನ್ ಕೋಟೆ

ಕಿಮ್ಮತ್ತು ಎಷ್ಟು ಅಂತ 1989ರ ಏಪ್ರಿಲ್‌ನಲ್ಲೇ ಗೊತ್ತಾಗಿದೆ, ತಾರೀಕು ಸಮೇತ ನೋಡಿ.

ಹೆಗಡೆಯವರು 1988ರ ಆಗಸ್ಟ್‌ನಲ್ಲಿ ಟೆಲಿಫೋನ್ ಕದ್ದಾಲಿಕೆ ಗಲಾಟೆಯಲ್ಲಿ ರಾಜೀನಾಮೆ ಕೊಟ್ರು, ಎಸ್.ಆರ್. ಬೊಮ್ಮಾಯಿ ಬಂದ್ರು. 1989ರ ಏಪ್ರಿಲ್ 15ಕ್ಕೆ ಬೊಮ್ಮಾಯಿ ಸಂಪುಟ ವಿಸ್ತರಿಸಿ 13 ಜನರನ್ನ ಸೇರಿಸಿದ್ರು. ಸೇರಿಸಿದ್ದೇ ತಪ್ಪಾಯ್ತು, ಸಿಗದವರು ಸಿಟ್ಟಾದ್ರು. ಎರಡೇ ದಿನಕ್ಕೆ ಕೆ.ಆರ್. ಮೊಳಕೇರಿ ಅನ್ನೋ ಶಾಸಕರು ಪಕ್ಷ ಬಿಟ್ಟು, 19 ಜನ ಬೆಂಬಲ ವಾಪಸ್ ತಗೊಂಡ ಪತ್ರಗಳನ್ನ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರಿಗೆ ಒಪ್ಪಿಸಿದ್ರು. ಏಪ್ರಿಲ್ 19ಕ್ಕೆ ರಾಷ್ಟ್ರಪತಿಗೆ ವರದಿ ಹೋಯ್ತು. 20ಕ್ಕೆ ಆ 19ರಲ್ಲಿ 7 ಜನ ಬಂದು ‘ನಮ್ಮ ಸಹಿ ಸುಳ್ಳು ಹೇಳಿ ಪಡೆದದ್ದು, ನಾವು ಬೊಮ್ಮಾಯಿ ಕಡೆಯೇ’ ಅಂದ್ರು. 27ಕ್ಕೆ ಸದನ ಕರೀರಿ, ಬಲ ತೋರಿಸ್ತೇವೆ ಅಂತ ಬೊಮ್ಮಾಯಿ ಕೇಳಿದ್ರು. ಕೇಳಿದ್ದಕ್ಕೆ ಬೆಲೆ ಸಿಗಲಿಲ್ಲ. 21ಕ್ಕೆ ರಾಷ್ಟ್ರಪತಿ ಆಳ್ವಿಕೆ.

ಐದು ದಿನದೊಳಗೆ 19 ಸಹಿ 12ಕ್ಕೆ ಇಳೀತು, ಅಷ್ಟರಲ್ಲಿ ಸರ್ಕಾರವೇ ಹೋಗಿತ್ತು. 1994ರ ಮಾರ್ಚ್ 11ರ ಬೊಮ್ಮಾಯಿ ತೀರ್ಪಿನಲ್ಲಿ 9 ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಇದನ್ನೇ: ಬಹುಮತ ಇದೆಯೋ ಇಲ್ಲವೋ ಅನ್ನೋದು ರಾಜಭವನದ ಮೇಜಿನ ಮೇಲೆ ತೀರ್ಮಾನ ಆಗೂದಲ್ಲ, ಸದನದಲ್ಲಿ ಆಗ್ಬೇಕು.

ಕೊಡಸಳ್ಳಿ

ಅದಕ್ಕೆ ಒಂದು ಸೇರ್ಪಡೆ. ಆಗ ಮೂರನೇ ಒಂದು ಭಾಗದ ಅವಕಾಶ ಇನ್ನೂ ಜೀವಂತ ಇತ್ತು. 1985ರ 139ರ ಲೆಕ್ಕ ಹಿಡಿದ್ರೆ 47 ಬೇಕು. ಮಧ್ಯೆ ಸಂಖ್ಯೆ ಕರಗಿದ್ದು ಬಿಟ್ರೂ 19 ಎಲ್ಲಿಗೂ ಸಾಲೂದಿಲ್ಲ. ಅಂದ್ರೆ ಆ 19 ಜನ ಸದನಕ್ಕೆ ಬಂದು ವಿರುದ್ಧ ಮತ ಹಾಕಿದ್ರೆ ಅನರ್ಹತೆಯ ಭಯ ಇತ್ತು. ಪತ್ರದಲ್ಲಿ ಹಾಕಿದ ಸಹಿಗೆ ಧೈರ್ಯ ಬೇಡ, ಸದನದಲ್ಲಿ ಎದ್ದು ನಿಲ್ಲೋಕೆ ಬೇಕು.

ಸಹಿ ಪಟ್ಟಿ ಕೆಡೂದು ಮಾಮೂಲಿಯಾಗಿ ಮೂರು ಕಡೆ. ಖಾಲಿ ಹಾಳೆಗೆ ಸಹಿ ಹಾಕಿಸಿ ಒಕ್ಕಣೆ ಆಮೇಲೆ ಬರೆಯೂದು. ಒಬ್ಬರೇ ಎರಡೂ ಬಣದ ಪಟ್ಟಿಗೆ ಸಹಿ ಹಾಕೂದು. ಶಾಸಕರ ಜೊತೆ ಪರಿಷತ್ ಸದಸ್ಯರ ಹೆಸರೂ ಸೇರಿಸಿ ‘ನೂರು ದಾಟಿತು’ ಅನ್ನೂದು. ಪರಿಷತ್ತಿನ 75 ಜನರಲ್ಲಿ ಯಾರಿಗೂ ವಿಶ್ವಾಸಮತದಲ್ಲಿ ವೋಟಿಲ್ಲ. ಅವರು ಪಕ್ಷದ ಸಭೆಯಲ್ಲಿ ಕೂತು ಗಾಳಿ ತಿರುಗಿಸಬಹುದು ಅಷ್ಟೇ.

ಹಳೇ ದಾಂಡೇಲಿ

ಹಾಗಾದ್ರೆ ಸಭೆಯಲ್ಲಿ ರಹಸ್ಯ ಮತದಾನ ಮಾಡಿದ್ರೆ ಮುಗೀತಲ್ಲ? ಗೆದ್ದವರು ನಾಯಕ, ಸೋತವರು ಸುಮ್ಮನೆ ಕೂರ್ಬೇಕು.

ಸದಾಶಿವಗಡ

ಮಾಡಿದ್ದಾರಲ್ಲ. 2011ರ ಆಗಸ್ಟ್‌ನಲ್ಲಿ ಬಿಜೆಪಿ ಮಾಡ್ತು: ಸದಾನಂದಗೌಡ, ಜಗದೀಶ ಶೆಟ್ಟರ್. ಗೌಡರು ಗೆದ್ರು. 11 ತಿಂಗಳಿಗೆ, 2012ರ ಜುಲೈ 12ಕ್ಕೆ, ಸೋತ ಶೆಟ್ಟರೇ ಮುಖ್ಯಮಂತ್ರಿ ಆದ್ರು, ಜೊತೆಗೆ ಇಬ್ಬರು ಉಪಮುಖ್ಯಮಂತ್ರಿಗಳು. ಎಲ್ಲಿ ಮುಗೀತು?

ಕಾಂಗ್ರೆಸ್ 2013ರ ಮೇ 10ಕ್ಕೆ ಮಾಡ್ತು. ಎ.ಕೆ. ಆಂಟನಿ ವೀಕ್ಷಕರು, ಕಣದಲ್ಲಿ ಸಿದ್ದರಾಮಯ್ಯ, ಮಲ್ಲಿಕಾರ್ಜುನ ಖರ್ಗೆ. ಆ ಸಲ ಮಾತ್ರ ಗೆದ್ದವರು ಐದು ವರ್ಷ ಪೂರ್ತಿ ಮಾಡಿದ್ರು. ದೇವರಾಜ ಅರಸರ ನಂತರ ಅವರೇ. ಅಲ್ಲಿ ಒಂದು ಅದೃಷ್ಟವೂ ಇತ್ತು. ಕೆಪಿಸಿಸಿ ಅಧ್ಯಕ್ಷ ಪರಮೇಶ್ವರ್ ಕೊರಟಗೆರೆಯಲ್ಲಿ ಸೋತಿದ್ರು, ಹಾಗಾಗಿ ಅಧ್ಯಕ್ಷ ಮತ್ತು ಶಾಸಕಾಂಗ ನಾಯಕ ಒಂದೇ ಕುರ್ಚಿಗೆ ಎದುರುಬದುರು ನಿಲ್ಲೋ ಪ್ರಸಂಗ ಬರಲಿಲ್ಲ.

2023ರಲ್ಲಿ ಬಂತು. ಮೇ 14ರ ಸಂಜೆ ಬೆಂಗಳೂರಿನ ಹೋಟೆಲ್‌ನಲ್ಲಿ ಸಭೆ, ಮೂವರು ವೀಕ್ಷಕರು. ಮೊದಲು ಒಂದು ಸಾಲಿನ ನಿರ್ಣಯ: ನಾಯಕನ ಆಯ್ಕೆಯ ಅಧಿಕಾರ ಎಐಸಿಸಿ ಅಧ್ಯಕ್ಷರಿಗೆ. ಅದರ ನಂತರ ಒಬ್ಬೊಬ್ಬ ಶಾಸಕರ ಅಭಿಪ್ರಾಯ ಬರೆಸಿಕೊಂಡ್ರು. ತೀರ್ಮಾನ ಹೊರಗೆ ಬಂದದ್ದು 18ಕ್ಕೆ, ಪ್ರಮಾಣ 20ಕ್ಕೆ.

ಈ ಕ್ರಮವನ್ನ ಗಮನಿಸಿ. ಮೊದಲು ಅಧಿಕಾರ ಬರೆದುಕೊಟ್ಟು, ಆಮೇಲೆ ಅಭಿಪ್ರಾಯ. ಹಾಗಾಗಿ ಚೀಟಿಯಲ್ಲಿ ಎಷ್ಟೇ ಬರ್ಲಿ, ಅದು ಮತ ಅಲ್ಲ, ಸಲಹೆ. ಎಣಿಕೆ ಹೊರಗೆ ಹೇಳ್ಬೇಕಂತಿಲ್ಲ. ಹೇಳದೆ ಇರೂದ್ರಿಂದ್ಲೇ ಎರಡೂ ಬಣದವರು ‘ನಮಗೇ ಹೆಚ್ಚಿತ್ತು’ ಅಂತ ಐದು ವರ್ಷ ಹೇಳಿಕೊಂಡು ತಿರುಗಬಹುದು.

ಬೇಲೆಕೇರಿ ಗಾಳಿ

ಒಂದು ಸಾಲಿನ ನಿರ್ಣಯ ಅನ್ನೋದು ಯಕ್ಷಗಾನದ ಮಂಗಳ ಪದ್ಯವನ್ನ ಮೊದಲೇ ಹಾಡಿ ಆಮೇಲೆ ಪ್ರಸಂಗ ಶುರು ಮಾಡಿದಂಗೆ. ಚೌಕಿಯಲ್ಲೇ ಎಲ್ಲ ತೀರ್ಮಾನ ಆಗಿರ್ತದೆ, ರಂಗಸ್ಥಳಕ್ಕೆ ಬರೂದು ವೇಷ ಮಾತ್ರ.

ತದಡಿ

ಚೌಕಿ ದೆಹಲಿಯಲ್ಲಿ, ರಂಗಸ್ಥಳ ಬೆಂಗಳೂರಲ್ಲಿ, ಟಿಕೆಟ್ ದುಡ್ಡು ನಮ್ಮದು.

ಹಳೇ ದಾಂಡೇಲಿ

ಬಿಜೆಪಿಯಲ್ಲಿ ಮಾತ್ರ ಭಾರಿ ಶಿಸ್ತು ಅಂತಿಲ್ಲ. 2023ರಲ್ಲಿ 66 ಸೀಟು ಬಂದ ಮೇಲೆ ವಿರೋಧ ಪಕ್ಷದ ನಾಯಕನ ಆಯ್ಕೆಗೆ ಆರು ತಿಂಗಳು ಬೇಕಾಯ್ತು. ಮೇ 13ಕ್ಕೆ ಫಲಿತಾಂಶ, ಆರ್. ಅಶೋಕ್ ಹೆಸರು ಬಂದದ್ದು ನವೆಂಬರ್ 17ಕ್ಕೆ. ಜುಲೈನ ಬಜೆಟ್ ಅಧಿವೇಶನ ವಿಪಕ್ಷ ನಾಯಕ ಇಲ್ಲದೇ ನಡೀತು.

ಕೊಡಸಳ್ಳಿ

ಅದರ ನಷ್ಟ ಬರೀ ಮರ್ಯಾದೆಯದ್ದಲ್ಲ. ವಿಪಕ್ಷ ನಾಯಕನಿಗೆ ಸಂಪುಟ ದರ್ಜೆ, ಕಚೇರಿ, ಸಿಬ್ಬಂದಿ ಸಿಗ್ತದೆ. ಬಜೆಟ್ ಮೇಲಿನ ಚರ್ಚೆಗೆ ವಿರೋಧ ಪಕ್ಷದಿಂದ ಮೊದಲ ಮಾತು ಅವರದ್ದು. ಕುರ್ಚಿ ಖಾಲಿ ಇದ್ರೆ ಐದಾರು ಜನ ಹಿರಿಯರು ಒಬ್ಬರ ಮಾತಿನ ಮೇಲೆ ಒಬ್ಬರು ಬೀಳ್ತಾರೆ, ಸ್ಪೀಕರಿಗೆ ಯಾರನ್ನ ಕರೆದು ಸಂಧಾನ ಮಾಡ್ಬೇಕು ಗೊತ್ತಾಗೂದಿಲ್ಲ. ಆ ಜುಲೈನಲ್ಲೇ 10 ಬಿಜೆಪಿ ಶಾಸಕರ ಅಮಾನತು ಆದದ್ದು ನೆನಪಿರ್ಬಹುದು. ಅಮಾನತಿಗೆ ಅದೇ ಕಾರಣ ಅಂತ ನಾ ಹೇಳೂದಿಲ್ಲ, ಸಂಧಾನಕ್ಕೆ ಒಬ್ಬ ಯಜಮಾನ ಇರಲಿಲ್ಲ ಅನ್ನೂದು ಮಾತ್ರ ಖರೆ.

ನಿರ್ವಾಹಕ

ಇಲ್ಲಿತನಕ ಚೆನ್ನಾಗಿದೆ. ಈಗಿನ ನಾಯಕರ ಪರ–ವಿರೋಧದ ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ. ಮೂಲ ಪ್ರಶ್ನೆ ಮೂರನೇದು ಬಾಕಿ ಇದೆ.

ಹಳಿಯಾಳ ಕೆರೆ ದಂಡೆ

ಮೂರನೇದಕ್ಕೆ ಗಣಿತ ಹಾಕುವಾ.

ವಿಧಾನಸಭೆ 224. 91ನೇ ತಿದ್ದುಪಡಿಯ ಇನ್ನೊಂದು ತುದಿ 164(1ಎ): ಮುಖ್ಯಮಂತ್ರಿ ಸೇರಿ ಮಂತ್ರಿಗಳು 15% ಮೀರೋ ಹಾಗಿಲ್ಲ. ಲೆಕ್ಕ ಹಾಕಿದ್ರೆ 33.6, ನಮ್ಮಲ್ಲಿ 34 ಅಂತ ಹಿಡಿದಿದ್ದಾರೆ. 135 ಶಾಸಕರಿದ್ರೆ 101 ಜನ ಹೊರಗೆ. ಹೊರಗಿದ್ದವರೇ ಬಣಗಳಿಗೆ ಕಟ್ಟಿಗೆ. ಅವರನ್ನ ಸಮಾಧಾನ ಮಾಡೋಕೆ ನಿಗಮ ಮಂಡಳಿ, ಆಯೋಗ, ಸಂಪುಟ ದರ್ಜೆ, ರಾಜಕೀಯ ಕಾರ್ಯದರ್ಶಿ.

ಈಗ ನಮ್ಮ ಜಿಲ್ಲೆ: ಹಳಿಯಾಳ, ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರ. 2023ರಲ್ಲಿ ನಾಲ್ಕು ಕಾಂಗ್ರೆಸ್, ಎರಡು ಬಿಜೆಪಿ. ಮಂತ್ರಿಗಿರಿ ಸಿಕ್ಕಿದ್ದು ಭಟ್ಕಳದ ಮಂಕಾಳ ವೈದ್ಯರಿಗೆ. ಎಷ್ಟೋ ಸಲ ಮಂತ್ರಿಯಾಗಿದ್ದ ದೇಶಪಾಂಡೆಯವರು ಹಂಗಾಮಿ ಸ್ಪೀಕರ್ ಆಗಿ ಪ್ರಮಾಣ ಬೋಧಿಸಿದ್ರು, ಆಮೇಲೆ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾದ್ರು. ನಾಲ್ಕು ಜನ ಅಂದ್ರೆ 135ರಲ್ಲಿ ಶೇ 3. ಬಣ ಕಟ್ಟೋಕೆ ಸಾಲೂದಿಲ್ಲ.

ಆದ್ರೆ ಒಳಜಗಳದಲ್ಲಿ ಸಣ್ಣ ಜಿಲ್ಲೆಗೆ ಬೆಲೆ ಬರೂದು ಅಂತರ ಕಡಿಮೆ ಇದ್ದಾಗ. 2010ರಲ್ಲಿ 106–100. 2019ರಲ್ಲಿ 99–105. ಆರು ಮತದ ಅಂತರ ಎರಡೂ ಸಲ! ಎರಡೂ ಸಲ ನಮ್ಮ ಜಿಲ್ಲೆಯ ಒಬ್ಬೊಬ್ಬರು ಸುದ್ದಿಯಲ್ಲಿದ್ರು.

ಸದಾಶಿವಗಡ

ಹಾಗಾದ್ರೆ ದೊಡ್ಡ ಬಹುಮತ ಇದ್ರೆ ನಾಯಕ ಗಟ್ಟಿ ಅಂತಾಯ್ತು.

ಮಿರ್ಜಾನ್ ಕೋಟೆ

ಉಲ್ಟಾ! 1989ರಲ್ಲಿ ಕಾಂಗ್ರೆಸ್‌ಗೆ 178 ಸೀಟು. ಆ ದಾಖಲೆಯ ಮೇಲೆ ಬಂದ ವೀರೇಂದ್ರ ಪಾಟೀಲರು 11 ತಿಂಗಳೂ ಪೂರೈಸಲಿಲ್ಲ. ಬದಲಾವಣೆ ಘೋಷಣೆಯಾದದ್ದು ಬೆಂಗಳೂರು ವಿಮಾನ ನಿಲ್ದಾಣದಲ್ಲಿ, ರಾಜೀವ್ ಗಾಂಧಿ ಬಾಯಿಂದ. 1990ರ ಅಕ್ಟೋಬರ್ 17ಕ್ಕೆ ಬಂಗಾರಪ್ಪ, 1992ರ ನವೆಂಬರ್‌ನಲ್ಲಿ ಮೊಯಿಲಿ. ಒಂದು ಅವಧಿ, ಮೂವರು ಮುಖ್ಯಮಂತ್ರಿಗಳು. 2008ರಿಂದ 2013ರ ತನಕ ಬಿಜೆಪಿಯಲ್ಲೂ ಮೂವರು, ಅಲ್ಲಿ ಇದ್ದದ್ದು 110 ಸೀಟು.

ನನ್ನ ಲೆಕ್ಕ ಹೀಗಿದೆ. 178 ಇದ್ರೆ ನಾಯಕನನ್ನ ಬದಲಿಸಿದ್ರೆ ಸರ್ಕಾರ ಬೀಳೂದಿಲ್ಲ, ಅದಕ್ಕೇ ಹೈಕಮಾಂಡಿಗೆ ಕೈ ಹಾಕೋಕೆ ಭಯ ಇಲ್ಲ. 110 ಇದ್ರೆ ಸಿಟ್ಟಾದ ಹತ್ತು ಶಾಸಕರೇ ಸರ್ಕಾರ ಅಲ್ಲಾಡಿಸಬಹುದು, ಅದಕ್ಕೇ ಶಾಸಕರಿಗೆ ಭಯ ಇಲ್ಲ. ಮೊದಲನೇದರಲ್ಲಿ ನಾಯಕ ಮೇಲಿಂದ ಹೋಗ್ತಾನೆ, ಎರಡನೇದರಲ್ಲಿ ಕೆಳಗಿಂದ.

ಬೇಲೆಕೇರಿ ಗಾಳಿ

2011ರಲ್ಲಿ ಯಡಿಯೂರಪ್ಪ ಹೋದದ್ದು ಕೆಳಗಿಂದಲೂ ಅಲ್ಲ ಮೇಲಿಂದಲೂ ಅಲ್ಲ. ನಮ್ಮ ಬೇಲೆಕೇರಿ ಬಂದರಿಂದ ಹೋದ ಅದಿರಿನ ಲೆಕ್ಕ ಲೋಕಾಯುಕ್ತ ವರದಿಯಲ್ಲಿ ಬಂತು, ಕುರ್ಚಿ ಹೋಯ್ತು. ಒಳಜಗಳದವರು ಕಾದು ಕೂತಿದ್ರು ಅಷ್ಟೇ.

ಮಾಗೋಡು

ಹೆಬ್ಬಾರರ ಎರಡನೇ ಭಾಗ ಬಿಟ್ಟೇ ಹೋಯ್ತು, ಅದರಲ್ಲೇ ಹೆಚ್ಚು ಕಲಿಯೋದಿದೆ. 2024ರ ಫೆಬ್ರುವರಿ 27ರ ರಾಜ್ಯಸಭೆ ಚುನಾವಣೆಯಲ್ಲಿ ಅವರು ಮತ ಹಾಕೋಕೆ ಹೋಗಲಿಲ್ಲ, ಎಸ್.ಟಿ. ಸೋಮಶೇಖರ್ ಕಾಂಗ್ರೆಸ್ಸಿಗೆ ಹಾಕಿದ್ರು. ರಾಜ್ಯಸಭೆ ಮತ ರಹಸ್ಯ ಅಲ್ಲ, ಪಕ್ಷದ ಏಜೆಂಟನಿಗೆ ತೋರಿಸಿ ಪೆಟ್ಟಿಗೆಗೆ ಹಾಕ್ಬೇಕು. ಆದ್ರೂ ಅದು ಸದನದ ಕಲಾಪ ಅಲ್ಲ, ಪಕ್ಷದ ಆದೇಶ (ವಿಪ್) ಮೀರಿ ಸದನದಲ್ಲಿ ಮತ ಹಾಕಿದವರನ್ನ ಅನರ್ಹಗೊಳಿಸೋ 2(1)(ಬಿ) ಅಡ್ಡಮತಕ್ಕೆ ಅನ್ವಯ ಆಗೂದಿಲ್ಲ. 2025ರ ಮೇ 27ಕ್ಕೆ ಬಿಜೆಪಿ ಇಬ್ಬರನ್ನೂ 6 ವರ್ಷಕ್ಕೆ ಉಚ್ಚಾಟಿಸ್ತು.

ಹಳೇ ದಾಂಡೇಲಿ

ಉಚ್ಚಾಟನೆ ಆದ್ರೆ ಶಾಸಕ ಸ್ಥಾನವೂ ಹೋಗ್ಬೇಕಲ್ಲ?

ಮಾಗೋಡು

ಇಲ್ಲ. ಪಕ್ಷ ತಾನಾಗಿ ಹೊರಗೆ ಹಾಕಿದ್ರೆ ಶಾಸಕ ಸ್ವಇಚ್ಛೆಯಿಂದ ಬಿಟ್ಟಂಗೆ ಆಗೂದಿಲ್ಲ, ಸ್ಥಾನ ಉಳೀತದೆ. ಅದಕ್ಕೇ ಬುದ್ಧಿವಂತ ಪಕ್ಷಗಳು ಭಿನ್ನಮತೀಯರನ್ನ ಉಚ್ಚಾಟಿಸೂದೇ ಇಲ್ಲ, ‘ಕಾರಣ ಕೇಳಿ ನೋಟಿಸ್’ ಕೊಟ್ಟು ಒಳಗೇ ಕೂಡಿ ಹಾಕ್ತಾವೆ. ಉಚ್ಚಾಟನೆ ಅಂದ್ರೆ ಒಂಥರಾ ಬಿಡುಗಡೆ.

ಕೊಡಸಳ್ಳಿ

ಅರ್ಧ ಬಿಡುಗಡೆ ಅನ್ನಿ. 1996ರ ಜಿ. ವಿಶ್ವನಾಥನ್ ತೀರ್ಪು ಇದೆ, ತಮಿಳುನಾಡಿನದ್ದು. ಉಚ್ಚಾಟಿತ ಶಾಸಕ ಸದನದ ದಾಖಲೆಯಲ್ಲಿ ‘ಯಾವ ಪಕ್ಷಕ್ಕೂ ಸೇರದವ’ ಅಂತ ಕೂತ್ರೂ, 10ನೇ ಅನುಸೂಚಿಯ ಲೆಕ್ಕದಲ್ಲಿ ಟಿಕೆಟ್ ಕೊಟ್ಟ ಪಕ್ಷದವನೇ. ಅವ ಬೇರೆ ಪಕ್ಷ ಸೇರಿದ ದಿನ ಸ್ವಇಚ್ಛೆಯಿಂದ ಬಿಟ್ಟಂಗೆ ಆಗಿ ಸ್ಥಾನ ಹೋಗ್ತದೆ. ಹಾಗಾಗಿ ಉಚ್ಚಾಟಿತರು ಹೊಸ ಪಕ್ಷದ ವೇದಿಕೆ ಹತ್ತಬಹುದು, ಹಾರ ಹಾಕಿಸಿಕೊಳ್ಳಬಹುದು, ಸದಸ್ಯತ್ವದ ರಸೀದಿ ಮಾತ್ರ ಹರೀಬಾರ್ದು. ವೇದಿಕೆ ಹತ್ತಿದ್ದನ್ನೂ ಸ್ಪೀಕರ್ ಮುಂದೆ ಸಾಕ್ಷಿ ಅಂತ ತರ್ತಾರೆ, ಅದು ಬೇರೆ.

ಶಿರಸಿ ಪೇಟೆ

ವಿಪ್ ಯಾರು ಕೊಡೂದು? ಎರಡು ಬಣ ಇದ್ದು, ಎರಡೂ ಬಣದವರು ಒಬ್ಬೊಬ್ಬ ಸಚೇತಕನ ಹೆಸರು ಹೇಳಿದ್ರೆ?

ಕೊಡಸಳ್ಳಿ

ಒಳ್ಳೆ ಪ್ರಶ್ನೆ, ಇದು ಮಹಾರಾಷ್ಟ್ರದಲ್ಲಿ ನಡೆದೇ ಹೋಯ್ತು. ಶಿವಸೇನೆಯ ಶಾಸಕಾಂಗ ಪಕ್ಷದ ಹೆಚ್ಚಿನವರು ತಮ್ಮದೇ ನಾಯಕ, ತಮ್ಮದೇ ಸಚೇತಕ ಅಂದ್ರು. 2023ರ ಮೇ 11ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳ್ತು: ಸಚೇತಕನನ್ನೂ ಸದನದಲ್ಲಿ ಪಕ್ಷದ ನಾಯಕನನ್ನೂ ನೇಮಿಸೂದು ರಾಜಕೀಯ ಪಕ್ಷ, ಶಾಸಕಾಂಗ ಪಕ್ಷ ಅಲ್ಲ. ಶಾಸಕರ ಗುಂಪು ತಾನೇ ಪಕ್ಷ ಅಂತ ಹೇಳೋ ಹಾಗಿಲ್ಲ.

ನಿಮ್ಮ ಮೊದಲ ಪ್ರಶ್ನೆಗೂ ಈ ತೀರ್ಪು ಬಡೀತದೆ. ಹೆಚ್ಚು ಶಾಸಕರು ಒಬ್ಬರನ್ನ ನಾಯಕ ಅಂದ್ರೂ, ಪಕ್ಷ ಇನ್ನೊಬ್ಬರ ಹೆಸರು ಬರೆದು ಸ್ಪೀಕರಿಗೆ ಕಳಿಸಿದ್ರೆ ಸ್ಪೀಕರ್ ನೋಡ್ಬೇಕಾದ್ದು ಪಕ್ಷದ ಕಾಗದ. ಹೈಕಮಾಂಡ್ ಅನ್ನೋದಕ್ಕೆ ಈಗ ಕೋರ್ಟಿನ ಮೊಹರೂ ಸಿಕ್ಕಂಗಾಯ್ತು. ಒಳ್ಳೇದಾ ಕೆಟ್ಟದ್ದಾ ನಂಗೊತ್ತಿಲ್ಲ. ಶಾಸಕರ ಕೈ ಸಣ್ಣದಾಯ್ತು ಅನ್ನೂದಂತೂ ಹೌದು.

ರಾಜ್ಯಪಾಲರ ಕೈಯನ್ನ 2016ರ ಜುಲೈ 13ರ ನಬಾಮ್ ರೆಬಿಯಾ ತೀರ್ಪು ಕಟ್ಟಿದೆ. ಅದು ಅರುಣಾಚಲದ ಕಾಂಗ್ರೆಸ್ ಒಳಜಗಳ. ಒಂದು ಪಕ್ಷದೊಳಗಿನ ಭಿನ್ನಮತ, ಅಸಮಾಧಾನದಲ್ಲಿ ರಾಜ್ಯಪಾಲರು ತಲೆ ಹಾಕಬಾರ್ದು ಅಂತ ಅದರಲ್ಲಿದೆ.

ಹಳಿಯಾಳ ಕೆರೆ ದಂಡೆ

ಇಷ್ಟೆಲ್ಲ ಓದಿದ ಮೇಲೆ ಸುದ್ದಿ ನೋಡುವಾಗ ಎಂತ ಗಮನಿಸ್ಬೇಕು ಅಂತ ಒಬ್ಬರು ಹೇಳಿಬಿಡಿ. ಟಿವಿಯ ಕೆಂಪು ಪಟ್ಟಿ ನಂಬೋಕಾಗೂದಿಲ್ಲ.

ಮಿರ್ಜಾನ್ ಕೋಟೆ

ಮೊದಲು ಪತ್ರ ಯಾರಿಗೆ ಬರೆದದ್ದು ನೋಡಿ. ಪಕ್ಷದ ಅಧ್ಯಕ್ಷರಿಗೆ ಬರೆದ್ರೆ ಅದು ಚೌಕಾಸಿ. ರಾಜ್ಯಪಾಲರಿಗೆ ಬರೆದ್ರೆ ಯುದ್ಧ. ಸ್ಪೀಕರಿಗೆ ಬರೆದ್ರೆ ರಾಜೀನಾಮೆ, ಅದರಲ್ಲಿ ಶಾಸಕರೇ ಖುದ್ದು ಹೋಗಿ ಕೊಟ್ರಾ ಅನ್ನೂದು ಮುಖ್ಯ, ಯಾಕಂದ್ರೆ 190(3)(ಬಿ) ಪ್ರಕಾರ ಸ್ವಇಚ್ಛೆಯಿಂದ ಕೊಟ್ಟದ್ದು ಅಂತ ಸ್ಪೀಕರಿಗೆ ಮನವರಿಕೆ ಆಗ್ಬೇಕು.

ಆಮೇಲೆ ಸಭೆಯ ನೋಟಿಸ್ ಕೊಟ್ಟದ್ದು ಯಾರು, ನೋಡಿ. ಹಾಲಿ ನಾಯಕನೇ ಕರೆದ್ರೆ ಬಲ ತೋರಿಸೋಕೆ. ದೆಹಲಿಯಿಂದ ಹೇಳಿಸಿ ಕರೆದ್ರೆ ಬದಲಾವಣೆಗೆ. ಊಟದ ಸಭೆ, ಉಪಾಹಾರದ ಸಭೆ ಎಲ್ಲ ಲೆಕ್ಕಕ್ಕಿಲ್ಲ, ಅಲ್ಲಿ ತಲೆ ಎಣಿಸ್ತಾರೆ ಅಷ್ಟೇ. ಬಂದವರಿಗಿಂತ ಬಾರದವರ ಪಟ್ಟಿ ಮುಖ್ಯ.

ಕಾಲವನ್ನೂ ನೋಡಿ. ಬಜೆಟ್ ಪಾಸಾಗೋ ತನಕ ಯಾರೂ ಮುಟ್ಟೂದಿಲ್ಲ, ಹಣಕಾಸು ಮಸೂದೆ ಬಿದ್ರೆ ಸರ್ಕಾರವೇ ಬಿತ್ತು. ಪರಿಷತ್ತು, ರಾಜ್ಯಸಭೆ ಚುನಾವಣೆಯ ಮುಂಚೆ ಎಲ್ಲರೂ ಸಿಟ್ಟಾಗ್ತಾರೆ, ಟಿಕೆಟ್ ಹಂಚಿದ ಮೇಲೆ ಅರ್ಧ ಜನ ತಣ್ಣಗಾಗ್ತಾರೆ.

ತದಡಿ

ಬಾರದವರ ಪಟ್ಟಿ ಅಂದದ್ದು ಸರಿ. ಮದುವೆ ಮನೆಯಲ್ಲೂ ಹಾಂಗೇ, ಉಂಡವರ ಹೆಸರು ಯಾರಿಗೂ ನೆನಪಿರೂದಿಲ್ಲ.

ದೊಡ್ಮನೆ ದಾರಿ

ಜಗಳ ಮುಗಿಯೂದು ಹೆಂಗೆ ಅಂತನೂ ಬರೀರಿ. ಶುರು ಆಗೂದು ಎಲ್ಲರಿಗೂ ಗೊತ್ತಿದ್ದು.

ಸದಾಶಿವಗಡ

ಸೋತವರಿಗೆ ಜಾಗ ಮಾಡಿ ಮುಗಿಸ್ತಾರೆ. 2009ರ ನವೆಂಬರ್ ನೋಡಿ. ಬಳ್ಳಾರಿಯ ರೆಡ್ಡಿ ಸಹೋದರರ ಬಂಡಾಯ ತಣ್ಣಗಾದದ್ದು ಹೇಗೆ? ಮಂತ್ರಿ ಶೋಭಾ ಕರಂದ್ಲಾಜೆ ರಾಜೀನಾಮೆ ಕೊಟ್ರು, ಸ್ಪೀಕರ್ ಆಗಿದ್ದ ಶೆಟ್ಟರ್ ಸಂಪುಟಕ್ಕೆ ಬಂದ್ರು. ಒಂದು ಕುರ್ಚಿ ಖಾಲಿ ಮಾಡಿ, ಒಬ್ಬರನ್ನ ಒಳಗೆ ತಂದ್ರು. ಆದ್ರೆ ಮುಂದಿನ ವರ್ಷದ ಅಕ್ಟೋಬರಿಗೆ ಬೇರೆ 11 ಜನ ಹೊರಟ್ರು.

ದೊಡ್ಮನೆಯವರಿಗೆ ಇನ್ನೊಂದು. 1994ರಲ್ಲಿ ಜನತಾದಳಕ್ಕೆ 115 ಬಂದಾಗ ದೇವೇಗೌಡರು ಮುಖ್ಯಮಂತ್ರಿ, ಹೆಗಡೆಯವರು ಹೊರಗೆ. 1996ರ ಜೂನ್‌ನಲ್ಲಿ ಗೌಡರು ಪ್ರಧಾನಿ, ಅದೇ ತಿಂಗಳು ಹೆಗಡೆಯವರ ಉಚ್ಚಾಟನೆ. ಮರುವರ್ಷ ಲೋಕಶಕ್ತಿ. ಜಾಗ ಮಾಡಿ ಕೊಡದೇ ಇದ್ರೆ ಹೀಂಗಾಗ್ತದೆ.

ದೊಡ್ಮನೆ ದಾರಿ

ಅದನ್ನ ನೆನಪಿಸೂದು ಬ್ಯಾಡಾಗಿತ್ತು.

ಬೇಲೆಕೇರಿ ಗಾಳಿ

ಎಲ್ಲರ ಜಾಗದ ಚಿಂತೆ ಆಯ್ತು. ನಮ್ಮ ಜಿಲ್ಲೆಯ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗೆ ಜಾಗ ಎಲ್ಲಿ? ಕಾರವಾರವೋ, ಕುಮಟಾವೋ, ಶಿರಸಿಯೋ? ಅದರ ಜಗಳ ಯಾವ ಅನುಸೂಚಿಯಲ್ಲಿ ಬರ್ತದೆ?

ಹಳೇ ದಾಂಡೇಲಿ

ಘಟ್ಟದ ಮೇಲಿನವರಿಗೆ ಶಿರಸಿ, ಕೆಳಗಿನವರಿಗೆ ಕುಮಟಾ. ದಾಂಡೇಲಿಯವರು ಹುಬ್ಬಳ್ಳಿಗೆ ಹೋಗ್ತೇವೆ ಬಿಡಿ.

ನಿರ್ವಾಹಕ

ಆಸ್ಪತ್ರೆ ವಿಷಯಕ್ಕೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಶುರುವಾದ್ರೆ ಮುಗಿಯೂದಿಲ್ಲ.

ಶಿರಸಿ ಪೇಟೆ

ಬರೆದವರಿಗೆಲ್ಲ ಧನ್ಯವಾದ. ಒಂದು ಸಣ್ಣ ಸಂಶಯ ಉಳೀತು. ವಿಪ್ ಮೀರಿ ಮತ ಹಾಕಿದವರನ್ನ ಪಕ್ಷ ಕ್ಷಮಿಸಬಹುದು ಅಂತ ಎಲ್ಲೋ ಓದಿದ್ದೆ. ಹೌದಾ?

ಕೊಡಸಳ್ಳಿ

ಹೌದು, 2(1)(ಬಿ)ಯಲ್ಲೇ ಇದೆ. ಮತ ಹಾಕಿದ ದಿನದಿಂದ 15 ದಿನದೊಳಗೆ ಪಕ್ಷ ಮನ್ನಿಸಿದ್ರೆ ಅನರ್ಹತೆ ಬರೂದಿಲ್ಲ. ಸಂಧಾನ ಎಲ್ಲ ಆ ಎರಡು ವಾರದಲ್ಲೇ ಆಗ್ಬೇಕು. 16ನೇ ದಿನ ಕೈ ಕುಲುಕಿದ್ರೆ ಫೋಟೋ ಮಾತ್ರ.